ಅಳುವಿನಲ್ಲಿ ಬಂದ ಮುಖ

ಮಾಪಣ್ಣ ಮಾಮಾ ಸತ್ತ ಬೆಳಿಗ್ಗೆ ನಾನು ಏನು ನೋಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಇದೂ ಬದಲಾಗಿಬಿಡಬಹುದು ಎಂಬ ಹೆದರಿಕೆ ನನಗಿದೆ.

ಕಮಲಾಪುರ ಕ್ರಾಸಿನಲ್ಲಿ ನಾವು ಹೆಂಗಸರು ಕಲಬುರಗಿಗೆ ಹೋಗುವ ಕ್ರೂಸರ್ ಗಾಡಿ ಕಾಯುತ್ತ ನಿಂತಿದ್ದೆವು. ಚಳಿ ಇತ್ತು, ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಮಾಪಣ್ಣ ಮಾಮಾ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ. ಹುಮನಾಬಾದ ಕಡೆಯಿಂದ ಒಂದು ಮೋಟಾರ್ ಸೈಕಲ್ ಬಂತು. ಸಪ್ಪಳ ಕೇಳಿ ನಾನು ತಲೆ ಎತ್ತುವಷ್ಟರಲ್ಲಿ ಬುಟ್ಟಿ ಗಾಳಿಯಲ್ಲಿತ್ತು. ಮಾಮಾ ಎಲ್ಲಿ ಬಿದ್ದ ಎಂದು ಕಾಣಲಿಲ್ಲ, ಹಣ್ಣು ಉರುಳುವುದು ಮಾತ್ರ ಕಂಡಿತು. ಮೋಟಾರ್ ಸೈಕಲ್ ಅಷ್ಟು ದೂರ ಹೋಗಿ ವಾಲಿತು. ಸವಾರ ಒಂದು ಕಾಲು ನೆಲಕ್ಕೆ ಕೊಟ್ಟು ಸಾವರಿಸಿಕೊಂಡ, ಮತ್ತೆ ಹೊಡೆದುಕೊಂಡು ಕಲಬುರಗಿ ಕಡೆ ಹೋದ. ನನಗೆ ಕಂಡದ್ದು ಅವನ ಬೆನ್ನು. ಮುಖ ಕಾಣಲಿಲ್ಲ.

ಇಷ್ಟೇ.

ನಾವು ಕೆಲಸ ಮಾಡುವುದು ಕಲಬುರಗಿಯ ಖೂಬಾ ಪ್ಲಾಟಿನ ಒಂದು ರೊಟ್ಟಿ ಕೇಂದ್ರದಲ್ಲಿ. ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತೇವೆ. ಅವು ಸ್ಟೇಶನ್ ಬಜಾರದ ಖಾನಾವಳಿಗಳಿಗೆ ಹೋಗುತ್ತವೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವಳು ಪುತಳಾಬಾಯಿ ಅತ್ತೆ, ಮಾಪಣ್ಣ ಮಾಮಾನ ಹೆಂಡತಿ. ಕಮಲಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಾಲಿನ ಮೊದಲ ಒಲೆ ಲಲಿತಾಬಾಯಿಯದು. ವಯಸ್ಸಿನಲ್ಲಿ ದೊಡ್ಡವಳು, ಬಾಯಿಯೂ ದೊಡ್ಡದು, ಮನಸ್ಸೂ ದೊಡ್ಡದು. ನನಗೆ ಗಂಡಸರ ಮುಖ ನೋಡಿ ಮಾತಾಡಲು ಬರುವುದಿಲ್ಲ. ಅವರ ಕೈ ನೋಡುತ್ತೇನೆ, ಇಲ್ಲವೇ ನೆಲ ನೋಡುತ್ತೇನೆ.

"ಪಂಚಶೀಲಾಗ ಮಂದಿ ಮಾರಿ ಗುರ್ತಿಲ್ಲವಾ, ಬರೇ ಚಪ್ಪಲಿ ಗುರ್ತು," ಎಂದು ಲಲಿತಾಬಾಯಿ ಚಾಷ್ಟಿ ಮಾಡುತ್ತಾಳೆ. "ನಾಳೆ ಮದಿವಿ ಆದ ಮ್ಯಾಲ ಗಂಡನ ಚಪ್ಪಲಿ ಯಾರರ ಹಾಕ್ಕೊಂಡು ಬಂದ್ರ ಅವನ ಹಿಂದs ಹೋಗ್ತಾಳ ನೋಡು ಇಕಿ."

ಆ ಬೆಳಿಗ್ಗೆ ಪುತಳಾಬಾಯಿ ಅತ್ತೆ ಬಾಗಿಲಿಗೆ ಕೀಲಿ ಹಾಕಿ ಹಿಂದಿನಿಂದ ಬರುತ್ತಿದ್ದಳು. ಅವಳು ಕ್ರಾಸಿಗೆ ಬಂದಾಗ ಲಲಿತಾಬಾಯಿ ಎದುರಿಗೆ ಓಡಿಹೋಗಿ ಅವಳನ್ನು ಅಪ್ಪಿ ಹಿಡಿದಳು, ನೋಡಬಾರದು ಎಂದು. ಅತ್ತೆ ನೋಡಿದಳು.

ನಮ್ಮ ಕಡೆ ಸತ್ತವರ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ. ಮಾತು ಕಟ್ಟಿ, ರಾಗ ಎಳೆದು, ಒಬ್ಬರ ಕೊರಳು ಒಬ್ಬರು ತಬ್ಬಿಕೊಂಡು ಅಳುತ್ತಾರೆ. ಸತ್ತವನು ಹೇಗೆ ಬಾಳಿದ, ಏನು ತಿನ್ನುತ್ತಿದ್ದ, ಹೇಗೆ ಹೋದ ಎಲ್ಲ ಆ ಅಳುವಿನಲ್ಲಿ ಬರಬೇಕು. ಒಬ್ಬಳು ಒಂದು ಮಾತು ಎತ್ತಿದರೆ ಉಳಿದವರು ಅದನ್ನೇ ಹಿಡಿದು ಎಳೆಯುತ್ತಾರೆ. ಮಾತು ಬಾರದವಳೂ ಹಾಗೆ ಹಿಡಿಯಲೇಬೇಕು. ಸುಮ್ಮನಿದ್ದರೆ ಸತ್ತವನ ಮೇಲೆ ಪ್ರೀತಿ ಇರಲಿಲ್ಲ ಎಂದು ಅರ್ಥ. ಲಲಿತಾಬಾಯಿಯಷ್ಟು ಚೆನ್ನಾಗಿ ಅಳುವವರು ನಮ್ಮ ಸುತ್ತ ಯಾರೂ ಇಲ್ಲ. ಅವಳು ಬಂದಳೆಂದರೆ ಗಟ್ಟಿ ಮನಸ್ಸಿನ ಗಂಡಸರೂ ಅಂಗಳ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತಾರೆ.

ಮಾಮಾನನ್ನು ಗೋಡೆಯ ಮೇಲಿನ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ಕೆಳಗೆ ಮಲಗಿಸಿದ್ದರು. ತಲೆಗೆ ಬಿಳಿ ಬಟ್ಟೆ ಸುತ್ತಿದ್ದರು. ಅತ್ತೆಗೆ ಅಳು ಬರುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡು ಕಂಬದಂತೆ ಕುಳಿತಿದ್ದಳು. ಅವಳನ್ನು ಅಳಿಸದಿದ್ದರೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಭಯ. ಲಲಿತಾಬಾಯಿ ಅವಳ ಕೊರಳಿಗೆ ಬಿದ್ದು ಶುರು ಮಾಡಿದಳು.

"ಬಾಳಿಬುಟ್ಟಿ ಹೊತಗೊಂಡು ಹ್ವಾದಾಂವ, ನಾಕು ಮಂದಿ ಹೊತಗೊಂಡು ಬರೂ ಹಂಗ ಆತಲ್ಲೋ ನನ್ನಪ್ಪಾ..."

ನಾವೂ ಹಿಡಿದೆವು. ಅತ್ತೆ ಕದಲಲಿಲ್ಲ. ಲಲಿತಾಬಾಯಿ ಬಾಳೆಯ ಮಾತು ಹೇಳಿದಳು, ರಸ್ತೆಯ ಮಾತು ಹೇಳಿದಳು, ಗಾಡಿಯ ಮಾತು ಹೇಳಿದಳು. ಅತ್ತೆ ಕದಲಲಿಲ್ಲ. ಆಗ ಲಲಿತಾಬಾಯಿ ದನಿ ಇನ್ನೊಂದು ಮಟ್ಟಕ್ಕೆ ಏರಿತು.

"ಹೊಡದಾಂವ ಹಿಂದಕ ತಿರುಗ್ಯಾನಲ್ಲೋ... ಹಲ್ಲ ತೆರದು ನಕ್ಕಾನಲ್ಲೋ... ನಿನ್ನ ರಗತಾ ನೋಡಿ ನಕ್ಕಾನಲ್ಲೋ ನನ್ನಪ್ಪಾ..."

ಪುತಳಾಬಾಯಿ ಅತ್ತೆಯ ಬಾಯಿಂದ ಒಂದು ಶಬ್ದ ಬಂತು. ಅಂಥ ಶಬ್ದ ನಾನು ಮನುಷ್ಯರ ಬಾಯಿಂದ ಕೇಳಿರಲಿಲ್ಲ. ಆಮೇಲೆ ಅವಳು ಎದೆ ಬಡಿದುಕೊಂಡು ಅತ್ತಳು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅತ್ತೆ ಉಳಿದಳು ಎಂಬ ಸಮಾಧಾನಕ್ಕೆ ನಾವು ಆ ಮಾತನ್ನೇ ಮತ್ತೆ ಮತ್ತೆ ಎಳೆದೆವು. ತಿರುಗ್ಯಾನಲ್ಲೋ, ನಕ್ಕಾನಲ್ಲೋ. ನಾನೂ ಎಳೆದೆ. ಬಂದವರೆಲ್ಲ ಅದನ್ನು ಹಿಡಿದರು. ಮಣ್ಣಿಗೆ ಒಯ್ಯುವವರೆಗೂ ಅವನು ತಿರುಗುತ್ತಲೇ ಇದ್ದ, ನಗುತ್ತಲೇ ಇದ್ದ.

ಮತ್ತೆ ಕೆಲಸಕ್ಕೆ ಹೊರಟ ದಿನ ಕ್ರೂಸರಿನಲ್ಲಿ ಅದೇ ಮಾತು. ನಮ್ಮ ಜೊತೆ ದಿನಾ ಬರುವ ಐಶ್ವರ್ಯಾ ಜೇವರ್ಗಿ ಕಾಲೋನಿಯ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಾಳೆ. ಓದಿದವಳು, ನನಗಿಂತ ಸ್ವಲ್ಪವೇ ದೊಡ್ಡವಳು.

"ಅವ ತಿರುಗಿದಾಗ ನನ್ನ ಮೈಯಾಗಿನ ರಗತ ಎಲ್ಲಾ ತಣ್ಣಗಾತು," ಎಂದಳು ಐಶ್ವರ್ಯಾ.

"ಹಲ್ಲು ನೋಡಿದೇನು?" ಎಂದಳು ಲಲಿತಾಬಾಯಿ.

"ನೋಡಲಾರದೇನು? ಬೆಳ್ಳಗ ಕಂಡ್ವಲ್ಲ."

ಗಾಡಿ ಓಡಿಸುವ ಖಂಡೆಪ್ಪ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ ಹೇಳಿದ, "ನನಗೂ ಎದುರಿಗೇ ಹ್ವಾದ್ನಲ್ರೀ ಅವ. ಎಷ್ಟು ಜೋರ್ ಇದ್ದ ಅಂತೀರಿ!"

ಖಂಡೆಪ್ಪನ ಗಾಡಿ ಹುಮನಾಬಾದ ಕಡೆಯಿಂದ ಬರುತ್ತದೆ. ಸವಾರ ಹೋದದ್ದು ಕಲಬುರಗಿ ಕಡೆ. ಎದುರಾಗುವುದು ಹೇಗೆ? ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೇ ಇದ್ದದ್ದು ನಾಚಿಕೆಯಿಂದ ಮಾತ್ರ ಅಲ್ಲ. ಐಶ್ವರ್ಯಾ ಹಲ್ಲು ಎಂದಾಗ ನನಗೂ ಹಲ್ಲು ಕಂಡಿದ್ದವು.

ಆ ದಿನ ಮಧ್ಯಾಹ್ನ ಭೀಮಶಾ ರೊಟ್ಟಿ ಒಯ್ಯಲು ಬಂದ.

ಭೀಮಶಾ ಕಮಲಾಪುರದವನೇ. ಬೆಳಿಗ್ಗೆ ಬೈಕಿನಲ್ಲಿ ಬರುತ್ತಾನೆ, ಕೇಂದ್ರದಿಂದ ರೊಟ್ಟಿ ಕಟ್ಟಿಕೊಂಡು ಖಾನಾವಳಿಗಳಿಗೆ ಮುಟ್ಟಿಸುತ್ತಾನೆ. ಅವನ ಮೇಲಿನ ಹಲ್ಲು ಮುಂದೆ ಬಂದಿವೆ, ತುಟಿ ಮುಚ್ಚುವುದಿಲ್ಲ. ಸಿಟ್ಟು ಬಂದರೂ, ಬೈಸಿಕೊಂಡರೂ ನಕ್ಕ ಹಾಗೆಯೇ ಕಾಣುತ್ತಾನೆ. "ಬಾಯಿ ಮುಚ್ಚೋ ಭೀಮಶಾ, ರೊಟ್ಟಿ ಮ್ಯಾಗಿನ ನೊಣ ಒಳಗ ಹೋದಾವು," ಎಂದು ಹೆಂಗಸರು ಕಾಡುತ್ತಿದ್ದರು. "ಹೋಗ್ಲಿ ಬಿಡ್ರೆವ್ವಾ, ಮಧ್ಯಾಹ್ನದ ಊಟ ಉಳೀತು," ಎನ್ನುತ್ತಿದ್ದ.

ಅಂದು ಬಾಗಿಲಲ್ಲಿ ನಿಂತು ಅವನು ಹೇಳಿದ, "ಮಾಪಣ್ಣ ಕಾಕಾನ ಸುದ್ದಿ ಕೇಳಿ ಭಾಳ ಕೆಟ್ಟನಿಸ್ತ್ರೀ ಅವ್ವಾರ. ಮಣ್ಣಿಗಿ ಬರಾಕ ಆಗಲಿಲ್ಲ."

ರೊಟ್ಟಿ ಬಡಿಯುವ ಸಪ್ಪಳ ಒಂದೊಂದಾಗಿ ನಿಂತಿತು. ಮೊದಲು ಲಲಿತಾಬಾಯಿಯದು, ಆಮೇಲೆ ಅವಳ ಪಕ್ಕದವಳದು, ಹಾಗೆ ಸಾಲಿನ ಕೊನೆಯ ತನಕ. ನನ್ನದೇ ಕೊನೆಗೆ ನಿಂತದ್ದು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಯಾವತ್ತೂ ಮುಖ ನೋಡದ ನಾನೂ ನೋಡಿದೆ. ಹಲ್ಲು ಬೆಳ್ಳಗಿದ್ದವು. ಅವನಿಗೆ ಏನಾಯಿತೆಂದು ತಿಳಿಯಲಿಲ್ಲ. ರೊಟ್ಟಿ ಎಣಿಸದೆ ಕಟ್ಟಿಕೊಂಡು ಹೋದ. ಅವನ ಬೈಕಿನ ಮುಂದಿನ ಗಾರ್ಡು ಸೊಟ್ಟಗಿದ್ದುದನ್ನು ಯಾರೋ ಕಿಟಕಿಯಿಂದ ನೋಡಿದರು.

"ಅದs ನಗಿ," ಎಂದಳು ಲಲಿತಾಬಾಯಿ. ಅವಳ ದನಿ ನಡುಗುತ್ತಿತ್ತು. "ಯವ್ವಾ, ಅದs ನಗಿ ಅದು."

ಅವಳು ಸುಳ್ಳು ಹೇಳಲಿಲ್ಲ. ತಾನು ಅತ್ತೆಯನ್ನು ಅಳಿಸಲು ಕಟ್ಟಿದ ಮಾತು ಎಂಬುದು ಅವಳಿಗೆ ಮರೆತೇ ಹೋಗಿತ್ತು. ನನಗೂ ಮರೆತಿತ್ತು. ಆ ಕ್ಷಣದಲ್ಲಿ ಕೇಳಿದ್ದರೆ ನಾನೂ ಹೌದು ಎನ್ನುತ್ತಿದ್ದೆ.

ಕೇಳಿದರು ಕೂಡ. ಹವಾಲ್ದಾರ ಜಹಾಂಗೀರ್ ಸಾಹೇಬರು ಅತ್ತೆಯ ಮನೆಗೆ ಬಂದರು. ಒಳ್ಳೆಯ ಮನುಷ್ಯರು. "ಒಬ್ಬೊಬ್ರೇ ಹೇಳ್ರಿ ಅಮ್ಮಾ, ಬಾಕಿ ಮಂದಿ ಹೊರಗ ಕೂಡ್ರಿ," ಎಂದು ಎಷ್ಟು ಸಲ ಕೇಳಿಕೊಂಡರು. ಯಾರು ಕೇಳುತ್ತಾರೆ? ಒಬ್ಬಳು ಒಳಗೆ ಹೇಳುತ್ತಿದ್ದರೆ ಇನ್ನೊಬ್ಬಳು ಬಾಗಿಲಿಂದ ಕೂಡಿಸುತ್ತಿದ್ದಳು. "ಕರೀ ಗಾಡಿ ಅನ್ನು, ಕರೀ ಗಾಡಿ." "ಗಾರ್ಡ್ ಸೊಟ್ಟ ಆಗೇದ, ಬರಕೋರಿ." ಐಶ್ವರ್ಯಾ ತನ್ನ ಮೊಬೈಲಿನಲ್ಲಿ ಭೀಮಶಾನ ಫೋಟೋ ತೆಗೆದು ತೋರಿಸಿದಳು, ಯಾರದೋ ಮದುವೆಯದು. ಅದರಲ್ಲಿ ಅವನು ನಿಜವಾಗಿಯೂ ನಗುತ್ತಿದ್ದ.

ನನ್ನ ಸರದಿ ಬಂದಾಗ ಜಹಾಂಗೀರ್ ಸಾಹೇಬರು ದನಿ ಇಳಿಸಿ ಕೇಳಿದರು, "ನೀ ಏನ್ ನೋಡಿದಿ ಬೇಟಾ? ಅವ ತಿರುಗಿದ್ನಾ?"

ಅತ್ತೆ ಗೋಡೆಗೆ ಒರಗಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆ ಆಡಿಸಿದೆ.

ಮರುದಿನ ಭೀಮಶಾನನ್ನು ಹಿಡಿದುಕೊಂಡು ಹೋದರು. ಅವನು ಆ ಬೆಳಿಗ್ಗೆ ಅದೇ ರಸ್ತೆಯಲ್ಲಿ ಹೋದದ್ದು ಹೌದಂತೆ. ಗಾರ್ಡು ಸೊಟ್ಟಗಾದದ್ದು ಹಳೆಯದು, ಕಟ್ಟೆಗೆ ಹೊಡೆದದ್ದು ಎಂದನಂತೆ. ಯಾರು ನಂಬುತ್ತಾರೆ?

ಹೆದರಿಕೆ ಶುರುವಾದದ್ದು ಆಮೇಲೆ, ಮಕ್ಬೂಲ್ ಚಾಚಾನ ಚಹಾದಂಗಡಿಯಲ್ಲಿ. ಅವನ ಅಂಗಡಿ ಕ್ರಾಸಿನಲ್ಲೇ ಇದೆ. ನಾನು ಮನೆಗೆ ಹಾಲು ಒಯ್ಯಲು ನಿಂತಿದ್ದೆ. ಬೇರೆ ಯಾರೂ ಇರಲಿಲ್ಲ. ಚಾಚಾ ತನ್ನಷ್ಟಕ್ಕೆ ಮಾತಾಡುವ ಹಾಗೆ ಹೇಳಿದ.

"ಭೀಮಶಾ ಬಿಚಾರಾ ಅಂತೀನಿ ನಾ. ನೀವೆಲ್ಲಾ ಮಾರಿ ನೋಡೀರಿ ಅಂತೀರಿ. ನನಗ ಹೆಲ್ಮೆಟ್ ಕಂಡಂಗ ಆಯ್ತಪಾ."

"ಹೆಲ್ಮೆಟ್?"

"ಕರೀ ಹೆಲ್ಮೆಟ್. ಆದ್ರ ನಾ ಚಹಾ ಸೋಸಾಕತ್ತಿದ್ದೆ, ಕಸಮ್ ಮಾಡಿ ಹೇಳಂಗಿಲ್ಲ. ಪೋಲೀಸ್‌ಗಿ ಹೇಳ್ಬೇಡ ಬೇಟಿ. ಕೋರ್ಟು ಕಚೇರಿ ನಂದಾಗಂಗಿಲ್ಲ."

ಚಾಚಾ ಗಂಡಸು. ಅತ್ತೆಯ ಮನೆಯೊಳಗೆ ಹೆಂಗಸರ ಅಳುವಿನಲ್ಲಿ ಅವನು ಕುಳಿತಿರಲಿಲ್ಲ. ಈ ಮಾತು ನನಗೆ ಹಾಲು ತೆಗೆದುಕೊಂಡು ಹೊರಡುವಾಗ ಹೊಳೆಯಿತು. ಅವನಿಗೆ ಹಲ್ಲು ಕಂಡಿಲ್ಲ. ಆ ಅಳುವಿನಲ್ಲಿ ಕುಳಿತವರಿಗೆ ಮಾತ್ರ ಕಂಡಿವೆ.

ಮನೆಗೆ ಬಂದು ಮೂಲೆಯಲ್ಲಿ ಕುಳಿತು ಕಣ್ಣು ಮುಚ್ಚಿ ಆ ಬೆಳಗನ್ನು ಮತ್ತೆ ನೋಡಿದೆ. ಬುಟ್ಟಿ ಗಾಳಿಯಲ್ಲಿ ಹೋಯಿತು. ಹಣ್ಣು ಉರುಳಿದವು. ಗಾಡಿ ವಾಲಿತು. ಅವನು ಕಾಲು ಕೊಟ್ಟ. ಆಮೇಲೆ ಕೊರಳು ತಿರುಗಿಸತೊಡಗಿದ. ಆಗ ನನಗೆ ಕೇಳಿಸಿತು. ಅವನು ತಿರುಗುವಾಗ ರಾಗ ಇತ್ತು. ಲಲಿತಾಬಾಯಿಯ ದನಿ ಏರುತ್ತಿತ್ತು, ಆ ದನಿಯ ಜೊತೆಗೇ ಅವನ ಕೊರಳು ತಿರುಗುತ್ತಿತ್ತು. ದನಿ ತೆಗೆದು ನೋಡಲು ಪ್ರಯತ್ನಿಸಿದೆ. ದನಿ ಇಲ್ಲದಿದ್ದರೆ ಅವನು ತಿರುಗುತ್ತಲೇ ಇರಲಿಲ್ಲ, ಬೆನ್ನು ಬೆನ್ನಾಗಿಯೇ ದೂರ ಹೋಗುತ್ತಿತ್ತು. ಕ್ರಾಸಿನಲ್ಲಿ ಆ ಬೆಳಿಗ್ಗೆ ಯಾರೂ ಹಾಡಿ ಅಳುತ್ತಿರಲಿಲ್ಲ.

ಕಣ್ಣು ಬಿಟ್ಟು ಎದ್ದು ನಿಂತೆ. ಕಳ್ಳರು ಮನೆ ಹೊಕ್ಕಿದ್ದು ಗೊತ್ತಾದರೆ ಹೇಗೋ ಹಾಗೆ. ಹೊಕ್ಕವರು ಕಳ್ಳರಲ್ಲ, ನನ್ನವರೇ. ಕೈಹಿಡಿದು ಬರಮಾಡಿಕೊಂಡವಳು ನಾನೇ.

ಇದಕ್ಕಿಂತ ಕೆಟ್ಟದ್ದು ಮರುದಿನ ಬೆಳಿಗ್ಗೆ ಆಯಿತು. ಗಾಡಿ ಕಾಯುತ್ತ ನಿಂತಾಗ ಮತ್ತೆ ನೆನಪು ಮಾಡಿಕೊಂಡೆ. ಈಗ ಸವಾರನ ತಲೆಯ ಮೇಲೆ ಕರಿ ಹೆಲ್ಮೆಟ್ ಇತ್ತು. ಹೊಳೆಯುತ್ತಿತ್ತು. ನಿನ್ನೆಯವರೆಗೆ ಅದು ಇರಲಿಲ್ಲ. ಚಾಚಾ ಹೇಳಿದ, ಅದು ಬಂದು ಕುಳಿತಿತು. ಹಾಗಾದರೆ ನನ್ನೊಳಗೆ ನನ್ನದು ಎಂಬುದು ಯಾವುದು? ನಾಳೆ ಯಾರಾದರೂ ಬಂದು ಗಾಡಿ ಓಡಿಸಿದವಳು ಹೆಂಗಸು ಎಂದರೆ ಸೀರೆ ಕಾಣುತ್ತದೆಯೋ ಏನೋ.

ರಸ್ತೆಯ ಆಚೆ ಭೀಮಶಾನ ತಾಯಿ ನಿಂತಿದ್ದಳು. ಅವನನ್ನು ಹಿಡಿದಂದಿನಿಂದ ಹಾಗೆ ನಿಲ್ಲುತ್ತಿದ್ದಳು. ಬೈಯುತ್ತಿರಲಿಲ್ಲ, ಹತ್ತಿರ ಬರುತ್ತಿರಲಿಲ್ಲ. ಅವಳಿಗೂ ಮಗನ ಹಾಗೆಯೇ ಹಲ್ಲು. ದೂರದಿಂದ ನೋಡಿದರೆ ನಮ್ಮನ್ನು ನೋಡಿ ನಗುತ್ತಿದ್ದಾಳೆ ಎನ್ನಬೇಕು.

"ನಾಚಿಕಿ ಇಲ್ಲ ನೋಡು, ಹೆಂಗ ನಗತಾಳ," ಎಂದಳು ಐಶ್ವರ್ಯಾ.

ಸಂಜೆ ಪುತಳಾಬಾಯಿ ಅತ್ತೆ ನಮ್ಮ ಮನೆಗೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿದಳು. ಮಾಮಾ ಹೋದ ಮೇಲೆ ಅವಳ ಬೆರಳು ತೆಳ್ಳಗಾಗಿದ್ದವು. "ಕೋರ್ಟಿಗಿ ಕರೀತಾರಂತ," ಎಂದಳು. "ನೀ ಹೆದರಬ್ಯಾಡ. ಎಲ್ಲಾರೂ ಹೇಳಿದ್ದs ಹೇಳು. ನೀವೆಲ್ಲಾ ನೋಡೀರಿ ಅಂಬೂದಕ್ಕs ನನಗ ಒಂದೀಟು ನಿದ್ದಿ ಬರ್ತಾದವ್ವ. ಇಲ್ಲಾಂದ್ರ ಯಾವ ಮಗಾ ಕೊಂದಾ, ಯಾಕ ಕೊಂದಾ ಅಂತ ಹುಚ್ಚಿ ಆಗ್ತಿದ್ದೆ."

ಅವಳ ಬೆರಳು ನನ್ನ ತಲೆಯ ಮೇಲೆ ಓಡಾಡುತ್ತಿದ್ದವು. ಆ ತಲೆಯೊಳಗೆ ಹೆಲ್ಮೆಟ್ಟೂ ಇತ್ತು, ಹಲ್ಲೂ ಇದ್ದವು.

ಕಲಬುರಗಿಯ ಕೋರ್ಟಿಗೆ ಎಲ್ಲರೂ ಖಂಡೆಪ್ಪನ ಗಾಡಿಯಲ್ಲೇ ಹೋದೆವು. ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಬರೆಸಿಕೊಳ್ಳುತ್ತಾರೆ, ಒಬ್ಬೊಬ್ಬರನ್ನೇ ಕರೆಯುತ್ತಾರೆ ಎಂದು ಜಹಾಂಗೀರ್ ಸಾಹೇಬರು ತಿಳಿಸಿದ್ದರು. ಲಲಿತಾಬಾಯಿ ಮೊದಲು ಹೋದಳು, ಕಣ್ಣೊರೆಸಿಕೊಳ್ಳುತ್ತ ಬಂದಳು. ಐಶ್ವರ್ಯಾ ಹೋದಳು. ಉಳಿದಿಬ್ಬರು ಹೋದರು. ಹೊರಗೆ ಬಂದವರೆಲ್ಲ ಅತ್ತೆಯ ಕೈ ಹಿಡಿದು "ಹೇಳೀನವ್ವ" ಎಂದರು. ಕೊನೆಗೆ ನನ್ನ ಹೆಸರು ಕೂಗಿದರು.

ಒಳಗೆ ಹೋದ ಮೇಲೆ ಜವಾನ ಬಾಗಿಲು ಹಾಕಿದ. ಮಾಮಾ ಸತ್ತ ಮೇಲೆ ಈ ವಿಷಯದಲ್ಲಿ ನಾನು ಒಬ್ಬಳೇ ಇದ್ದದ್ದು ಅದೇ ಮೊದಲು. ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ತೆಗೆದಿಟ್ಟು ನೀರು ಕುಡಿಯಲು ಹೇಳಿದರು. ಬೆಂಗಳೂರ ಕಡೆಯ ಮಾತು.

"ಯಾರಾದರೂ ಹೀಗೇ ಹೇಳು ಅಂತ ಹೇಳಿಕೊಟ್ಟಿದ್ದಾರಾ?"

"ಇಲ್ರೀ." ಅದು ನಿಜ. ಯಾರೂ ಹೇಳಿಕೊಟ್ಟಿರಲಿಲ್ಲ.

"ಗಾಡಿ ಓಡಿಸಿದವನು ತಿರುಗಿ ನಕ್ಕ ಅಂತ ಪೊಲೀಸರ ಮುಂದೆ ಒಪ್ಪಿದ್ದೀರಿ. ನೋಡಿದಿರಾ?"

"ನೋಡೀನ್ರೀ." ನನ್ನ ದನಿ ನನಗೇ ಕೇಳಿಸಲಿಲ್ಲ. "ಆದ್ರ ರಸ್ತಾದಾಗ ನೋಡಿಲ್ರೀ. ಅಳುವಾಗ ನೋಡೀನಿ."

ಅವರಿಗೆ ತಿಳಿಯಲಿಲ್ಲ. ಟೈಪ್ ಮಾಡುತ್ತಿದ್ದವನು ತಲೆ ಎತ್ತಿ ನೋಡಿದ. ನಾನು ನೆಲ ನೋಡುತ್ತ ಹೇಳಿದೆ: ಸವಾರ ಕಾಲು ಊರಿ ಸಾವರಿಸಿಕೊಂಡು ಹೋದದ್ದು, ಅತ್ತೆ ಅಳದೆ ಕುಳಿತದ್ದು, ಲಲಿತಾಬಾಯಿ ಆ ಮಾತು ಎತ್ತಿದ್ದು, ನಾವೆಲ್ಲ ಹಿಡಿದದ್ದು. "ಯಾವ ಮಾತು?" ಎಂದು ಮೇಡಂ ಕೇಳಿದರು. ಬರೀ ಮಾತಾಗಿ ಹೇಳಲು ನೋಡಿದೆ, ನಾಲಿಗೆಗೆ ಬರಲಿಲ್ಲ. ಅದು ರಾಗದಲ್ಲೇ ಇತ್ತು. ಜನರ ಮುಂದೆ ಎಂದೂ ಬಾಯಿ ಬಿಡದ ನಾನು ಆ ಕೋಣೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ಸಣ್ಣ ದನಿಯಲ್ಲಿ ಅದನ್ನು ಎಳೆದು ಹೇಳಿದೆ. ಹೇಳುತ್ತಿದ್ದಂತೆ ಅವನು ತಿರುಗಿದ. ಮೇಡಂ ಕುರ್ಚಿಯ ಹಿಂದಿನ ಗೋಡೆಯಿಂದಲೇ ತಿರುಗಿದ ಹಾಗಾಯಿತು. ನಾನು ನಿಲ್ಲಿಸಿಬಿಟ್ಟೆ.

"ಈಗ ಸುದ್ದಾ ಕಂಡ್ನರೀ," ಎಂದೆ. "ಹೆಲ್ಮೆಟ್ಟೂ ಕಾಣ್ತದ್ರೀ. ಅದು ಒಬ್ಬರು ಹೇಳಿದ ಮ್ಯಾಲ ಬಂದದ. ಯಾವುದೂ ನಂದಲ್ರೀ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಅವನು ಕಾಲು ಊರಿದ ಅಂದಿರಲ್ಲ, ಕಾಲಲ್ಲಿ ಬೂಟೋ ಚಪ್ಪಲಿಯೋ?" ಎಂದರು.

ಕೇಳಿದ ಕೂಡಲೇ ಎರಡೂ ಕಂಡವು. ಮೊದಲು ಬೂಟು, ಅದರ ಬೆನ್ನಿಗೇ ಚಪ್ಪಲಿ. ಎರಡೂ ಅಷ್ಟೇ ಸ್ಪಷ್ಟ. ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

"ಗೊತ್ತಿಲ್ರೀ. ಬೆಳಕಿದ್ದಿಲ್ಲ. ಬೆನ್ನು ನೋಡೀನಿ. ಅಷ್ಟs ಬರಕೋರಿ."

ಅಷ್ಟನ್ನೇ ಬರೆಸಿದರು. ಓದಿ ಹೇಳಿದರು. ನಾನು ಸಹಿ ಮಾಡಿದೆ. ಇದರಿಂದ ಭೀಮಶಾ ಬಿಡುಗಡೆಯಾಗುತ್ತಾನಾ ಎಂದು ಕೇಳುವ ಧೈರ್ಯ ಬರಲಿಲ್ಲ. ಉಳಿದವರೆಲ್ಲ ಮುಖ ನೋಡಿದ್ದರು. ಅವನೇ ಹೊಡೆದಿದ್ದರೂ ಹೊಡೆದಿರಬಹುದು. ಅದೂ ನನಗೆ ಗೊತ್ತಿಲ್ಲ.

ತಿರುಗಿ ಹೋಗುವಾಗ ಗಾಡಿ ರಿಂಗ್ ರೋಡ್ ದಾಟುವವರೆಗೂ ಯಾರೂ ಕೇಳಲಿಲ್ಲ. ಅತ್ತೆ ನನ್ನ ಪಕ್ಕ ಕುಳಿತು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೊನೆಗೆ ಅವಳೇ ಕೇಳಿದಳು, "ಹೇಳಿದೇನವ್ವ?"

"ಮಾರಿ ನೋಡಿಲ್ಲ ಅಂದೆ ಅತ್ತಿ."

"ಹಂಗಾರ ನಾವೆಲ್ಲಾ ಸುಳ್ಳೇನು?" ಎಂದಳು ಐಶ್ವರ್ಯಾ. "ನಾವೆಲ್ಲಾ ಕುರುಡ್ರೇನು? ಹೇಳು ಮತ್ತ!"

"ಬಿಡವಾ, ಕೂಸು ಹೆದರ್ಯಾದ," ಎಂದಳು ಲಲಿತಾಬಾಯಿ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವಳ ದನಿಯಲ್ಲಿ ನಿಜವಾದ ಮರುಕ ಇತ್ತು. "ಆಕಿಗ್ಯಾಕ ಅಂತಿ. ಆಕಿ ಆಗ ಮಕ್ಬೂಲನ ಅಂಗಡಿ ಕಡಿ ಮಾರಿ ಮಾಡಿ ನಿಂತಿದ್ದಳು. ಕಾಣೂದರ ಹೆಂಗ?"

"ಹೌದಲ್ಲ," ಎಂದಳು ಐಶ್ವರ್ಯಾ ಸ್ವಲ್ಪ ಯೋಚಿಸಿ. "ಅಂಗಡಿ ಕಡೀನೂ ಅಲ್ಲ. ಆಕಿ ಇನ್ನಾ ಬಂದs ಇದ್ದಿಲ್ಲ ಅನಸ್ತದ. ಮಾಪಣ್ಣ ಕಾಕಾ ಬಿದ್ದ ಮ್ಯಾಲ ಬಂದ್ಳು."

"ಖರೇ ಅದ್ರೀ," ಎಂದ ಖಂಡೆಪ್ಪ ಕನ್ನಡಿಯಲ್ಲಿ ನೋಡುತ್ತ. "ನಾ ಗಾಡಿ ನಿಂದ್ರಿಸಿದಾಗ ಓಣಿಯಿಂದ ಓಡಿಕೋತ ಬಂದ್ಳಲ್ಲ ಈ ಹುಡುಗಿ. ತಲಿ ಮ್ಯಾಲ ಶಾಲ್ ಹೊದ್ದಿದ್ಳು."

ನನ್ನ ಹತ್ತಿರ ಒಂದು ಶಾಲು ಇದೆ. ಚಳಿಯಲ್ಲಿ ಹೊದೆಯುತ್ತೇನೆ. ಖಂಡೆಪ್ಪ ಶಾಲು ಎಂದ ಕೂಡಲೇ ನಾನು ಓಣಿಯಲ್ಲಿ ಓಡುತ್ತಿದ್ದೆ. ಕಾಲ ಕೆಳಗೆ ಓಣಿಗೆ ಹಾಸಿದ ಫರಸಿಕಲ್ಲು ತಣ್ಣಗಿತ್ತು. ದೂರದಲ್ಲಿ ಹೆಂಗಸರ ಗುಂಪು, ಅದರ ನಡುವೆ ಏನೋ ಬಿದ್ದಿತ್ತು, ನಾನು ಇನ್ನೂ ಮುಟ್ಟಿರಲಿಲ್ಲ. ಎಷ್ಟು ಹಗುರವಾಗಿತ್ತು ಅಂದರೆ, ಅದರೊಳಗೆ ಹೋಗಿ ಉಳಿದುಬಿಡೋಣ ಅನಿಸಿತು. ನಾನು ಅಲ್ಲಿ ಇರಲಿಲ್ಲ. ಏನೂ ನೋಡಲಿಲ್ಲ. ಯಾರ ಕೆಡುಕಿಗೂ ನಾನು ಹೊಣೆಯಲ್ಲ.

ಅತ್ತೆ ನನ್ನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಒಂದು ಆಸೆ ಕಂಡಿತು. "ಹೌದೇನವ್ವ? ನೀ ಅಲ್ಲಿ ಇದ್ದೇ ಇಲ್ಲೇನು?"

ಹೂಂ ಎಂದರೆ ಸಾಕಾಗಿತ್ತು. ಅವಳಿಗೆ ನಿದ್ದೆ ಬರುತ್ತಿತ್ತು. ನಾಳೆ ನನ್ನ ಒಲೆ ಸಾಲಿನಲ್ಲೇ ಇರುತ್ತಿತ್ತು. ಲಲಿತಾಬಾಯಿ ಮತ್ತೆ ಚಪ್ಪಲಿ ಚಾಷ್ಟಿ ಮಾಡುತ್ತಿದ್ದಳು. ಎಲ್ಲರೂ ನಾನು ಹೂಂ ಎನ್ನುವುದನ್ನೇ ಕಾಯುತ್ತಿದ್ದರು, ಪ್ರೀತಿಯಿಂದ ಕಾಯುತ್ತಿದ್ದರು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಇದ್ದೆ ಅತ್ತಿ," ಎಂದೆ. ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಜೋರಾಗಿ ಹೇಳಿದೆ. "ನಾ ಅಲ್ಲೇ ಇದ್ದೆ. ಲಲಿತಾಬಾಯಿ ಬಾಜೂಕs ನಿಂತಿದ್ದೆ. ಬೆನ್ನು ನೋಡೀನಿ. ಯಾರೂ ತಿರುಗಲಿಲ್ಲ."

"ಹಂಗಾರ ಯಾರವ್ವ?" ಎಂದಳು ಅತ್ತೆ. "ಭೀಮಶಾ ಅಲ್ಲಾಂದ್ರ ನನ್ನ ಗಂಡನ್ನ ಕೊಂದಾಂವ ಯಾರು? ಯಾವನ ಮಾರಿ ನೆನಸಿ ನಾ ಶಾಪ ಹಾಕ್ಲಿ?"

"ಗೊತ್ತಿಲ್ಲ ಅತ್ತಿ."

ಅವಳು ನನ್ನ ಕೈಯನ್ನು ತೊಡೆಯ ಮೇಲಿಂದ ತೆಗೆದು ಮೆಲ್ಲಗೆ ನನ್ನ ಮಡಿಲಿಗೇ ಇಟ್ಟಳು. ಲಲಿತಾಬಾಯಿ ಕಿಟಕಿಯ ಕಡೆ ತಿರುಗಿದಳು. ಖಂಡೆಪ್ಪ ಕನ್ನಡಿಯಲ್ಲಿ ನೋಡುವುದನ್ನು ಬಿಟ್ಟ. ನಾನು ಬೆನ್ನು, ಬೆನ್ನು ಎಂದು ಮನಸ್ಸಿನೊಳಗೆ ಹೇಳಿಕೊಳ್ಳುತ್ತ ಕುಳಿತೆ. ಅರ್ಧ ದಾರಿಯ ಮಹಾಗಾಂವ ಕ್ರಾಸ್ ಕೂಡ ಇನ್ನೂ ಬಂದಿರಲಿಲ್ಲ.